ಕಷ್ಟಕಾಲದಲ್ಲಿ ಮೋಟಾರು ಸೈಕಲ್ಲಿನ ಉದ್ಯಮ



ಮೋಟಾರು ಸೈಕಲ್ಲನ್ನು ಬಿಚ್ಚಿ ಮತ್ತೆ ಜೋಡಿಸುವ ವಿದ್ಯೆ ನಮ್ಮಲ್ಲಿಲ್ಲ. ಆದಕಾರಣ ಈ ಹೊತ್ತು ಅದರ ಯಂತ್ರರಚನೆಯನ್ನು ಕುರಿತು ನಾವು ಉಪನ್ಯಾಸ ಮಾಡುವೆವೆಂದು ತಾವು ಭಾವಿಸಬಾರದು. ದೇಶದಲ್ಲಿ ಹಣದ ಮುಗ್ಗಟ್ಟು ಬಂದಾಗ ಈ ವಾಹನವನ್ನು ಕೊಳ್ಳುವವನು ಏನು ಮಾಡುತ್ತಾನೆ, ತಯಾರಿಸುವವನು ಏನು ಮಾಡುತ್ತಾನೆ, ಅದನ್ನೇ ನಂಬಿ ಕಾರ್ಖಾನೆಯಲ್ಲಿ ದುಡಿಯುವವನ ಗತಿಯೇನು, ಎಂಬೀ ಮೂರು ಪ್ರಶ್ನೆಗಳನ್ನು ಮಾತ್ರ ತಮ್ಮ ಮುಂದಿಡಬೇಕೆಂಬುದು ನಮ್ಮ ಉದ್ದೇಶ.

ಮೊದಲು ನಮ್ಮ ಊರಿನಿಂದ ಪ್ರಾರಂಭಿಸುತ್ತೇವೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಯಲ್ಲಿ ಅಗರಖೇಡವೆಂಬ ಗ್ರಾಮವಿದೆ. ಎರೆಯ ನೆಲ, ಬಿಳಿಜೋಳ, ತೊಗರಿ, ಕಬ್ಬು, ನಿಂಬೆ. ಇಂಡಿಯ ನಿಂಬೆಗೆ 2023ರಲ್ಲಿ ಸರ್ಕಾರದ ಭೌಗೋಳಿಕ ಗುರುತು ದೊರೆತದ್ದನ್ನು ತಾವು ಕೇಳಿರಬಹುದು. ಮಳೆ ಬಿದ್ದಾಗ ಕಾಲಿಗೆ ಹಿಡಿಯುವ ಮಣ್ಣು, ಬೀಳದಾಗ ಕೈ ಹೋಗುವಷ್ಟು ಬಾಯಿ ಬಿಡುವ ಮಣ್ಣು ನಮ್ಮದು. ಅಲ್ಲಿ ಮೋಟಾರು ಸೈಕಲ್ಲಿಗೆ ಹಿರಿಯರು ಇಟ್ಟ ಹೆಸರು ಫಟಫಟಿ. ನಮ್ಮ ಕಾಕಾ ಅವರು ಜೋಳವೂ ಶೇಂಗಾವೂ ಕೈಗೆ ಹತ್ತಿದ ಒಂದು ವರ್ಷ ಹಳೆಯ ಯೆಜ್ಡಿ ಗಾಡಿಯೊಂದನ್ನು ಕೊಂಡು ತಂದರು. ಅದು ತಯಾರಾದದ್ದು ಮೈಸೂರಿನಲ್ಲಿ. ರಾಜ್ಯದ ಉತ್ತರದ ಗಡಿಯ ಒಕ್ಕಲಿಗನೊಬ್ಬನಿಗೂ ದಕ್ಷಿಣದ ರಾಜಧಾನಿಯ ಕಾರ್ಖಾನೆಯೊಂದಕ್ಕೂ ಹೀಗೆ ಒಂದು ಸಂಬಂಧ ಬೆಳೆಯಿತು. ಆ ಸಂಬಂಧ ಹೇಗೆ ಬೆಳೆಯಿತು, ಹೇಗೆ ಕಡಿಯಿತು ಎಂಬುದೇ ನಮ್ಮ ಮಾತಿನ ತಿರುಳು.

ಮೋಟಾರು ಸೈಕಲ್ಲಿಗೆ ಎರಡು ಮುಖಗಳಿವೆ. ಹಣವಂತನಿಗೆ ಅದು ವಿಹಾರದ ವಸ್ತು. ಬಡವನಿಗೆ ಅದು ಎತ್ತಿನಂತೆ ದುಡಿಮೆಯ ವಸ್ತು. ಕಷ್ಟಕಾಲ ಬಂದಾಗ ವಿಹಾರದ ವಸ್ತುವನ್ನು ಜನ ಮೊದಲು ಬಿಡುತ್ತಾರೆ. ದುಡಿಮೆಯ ವಸ್ತುವನ್ನು ಕಡೆಗೆ ಬಿಡುತ್ತಾರೆ. ಇಷ್ಟೇ ಅಲ್ಲ, ದೊಡ್ಡ ಬಂಡಿಯನ್ನು ಇಟ್ಟುಕೊಳ್ಳಲಾರದವನು ಆಗ ಚಿಕ್ಕದಕ್ಕೆ ಇಳಿಯುವುದೂ ಉಂಟು. ಆದ್ದರಿಂದ ಒಂದೇ ಮುಗ್ಗಟ್ಟು ಒಂದು ಕಾರ್ಖಾನೆಯನ್ನು ಮುಳುಗಿಸಿ, ಮತ್ತೊಂದನ್ನು ತೇಲಿಸಬಲ್ಲದು. ಚರಿತ್ರೆ ಇದಕ್ಕೆ ಸಾಕ್ಷಿಯಾಗಿದೆ.

1929ರಲ್ಲಿ ಅಮೆರಿಕೆಯಲ್ಲಿ ಹಣದ ಪೇಟೆ ಕುಸಿದು ಲೋಕವನ್ನೆಲ್ಲ ಆವರಿಸಿದ ಮಹಾ ಮುಗ್ಗಟ್ಟನ್ನು ಕುರಿತು ತಾವು ಓದಿದ್ದೀರಿ. ಆ ವರ್ಷ ಹಾರ್ಲೆ ಡೇವಿಡ್‌ಸನ್ ಕಂಪೆನಿ ಮಾರಿದ ಗಾಡಿಗಳು ಸುಮಾರು 21,000. ನಾಲ್ಕೇ ವರ್ಷದ ಮೇಲೆ, ಅಂದರೆ 1933ರಲ್ಲಿ, ಅದರ ಮಾರಾಟ 3,703ಕ್ಕೆ ಇಳಿಯಿತು. ಅಮೆರಿಕೆಯಲ್ಲಿ ಫೋರ್ಡರ ಅಗ್ಗದ ಮೋಟಾರು ಕಾರು ಆಗಲೇ ಮನೆಮನೆಯನ್ನು ಸೇರಿತ್ತು. ಮೋಟಾರು ಸೈಕಲ್ಲು ಅಲ್ಲಿ ಬಹಳಮಟ್ಟಿಗೆ ಉತ್ಸಾಹಿಗಳ ವಸ್ತುವಾಗಿ ಉಳಿದಿತ್ತು. ಉತ್ಸಾಹವನ್ನು ಹಸಿವು ಬೇಗ ತಣ್ಣಗೆ ಮಾಡುತ್ತದೆ. ಆದಾಗ್ಯೂ ಆ ಕಂಪೆನಿ ಬದುಕಿಕೊಂಡಿತು. ಹೇಗೆಂದರೆ, 1932ರಲ್ಲಿ ಅದು ಮೂರು ಚಕ್ರದ ಸರ್ವಿ-ಕಾರ್ ಎಂಬ ಕೆಲಸದ ಗಾಡಿಯನ್ನು ತಯಾರಿಸಿತು. ಪೋಲೀಸರೂ, ಸಾಮಾನು ಸಾಗಿಸುವ ವರ್ತಕರೂ, ಗಾಡಿ ದುರಸ್ತಿ ಮಾಡುವ ಗ್ಯಾರೇಜಿನವರೂ ಅದನ್ನು ಕೊಂಡರು. ವಿಹಾರದ ಮುಖವನ್ನು ಬಿಟ್ಟು ದುಡಿಮೆಯ ಮುಖವನ್ನು ಹಿಡಿದದ್ದೇ ಅದಕ್ಕೆ ಒಂದು ಆಸರೆಯಾಯಿತು.

ಅದೇ 1929ರಲ್ಲಿ, ಯೂರೋಪಿನ ಜೆಕೊಸ್ಲೊವಾಕಿಯ ದೇಶದಲ್ಲಿ, ಫ್ರಾಂಟಿಶೆಕ್ ಯಾನೆಚೆಕ್ ಎಂಬ ಆಯುಧ ತಯಾರಕರು ಮೋಟಾರು ಸೈಕಲ್ಲಿನ ಉದ್ಯಮಕ್ಕೆ ಕೈಹಾಕಿದರು. ಯುದ್ಧ ಮುಗಿದು ಆಯುಧಗಳಿಗೆ ಬೇಡಿಕೆ ತಗ್ಗಿತ್ತು. ಅವರು ಜರ್ಮನಿಯ ವಾಂಡರರ್ ಎಂಬ ಕಂಪೆನಿಯಿಂದ 500 ಸಿ.ಸಿ. ಗಾಡಿಯ ಹಕ್ಕನ್ನು ಪಡೆದರು. ತಮ್ಮ ಹೆಸರಿನ ಮೊದಲ ಎರಡಕ್ಷರಗಳನ್ನೂ ಆ ಕಂಪೆನಿಯ ಹೆಸರಿನ ಮೊದಲ ಎರಡಕ್ಷರಗಳನ್ನೂ ಸೇರಿಸಿ ಜಾವಾ ಎಂದು ಹೆಸರಿಟ್ಟರು. ಆ ಗಾಡಿ ದುಬಾರಿಯಾಗಿತ್ತು. ಮುಗ್ಗಟ್ಟಿನ ಕಾಲದಲ್ಲಿ ಕೊಳ್ಳುವವರು ವಿರಳರಾದರು. ಆಗ ಯಾನೆಚೆಕ್ ಹಟ ಹಿಡಿಯಲಿಲ್ಲ. ಜಾರ್ಜ್ ಪ್ಯಾಚೆಟ್ ಎಂಬ ಆಂಗ್ಲ ಯಂತ್ರಶಿಲ್ಪಿಯ ನೆರವಿನಿಂದ, ವಿಲಿಯರ್ಸ್ ಕಂಪೆನಿಯ ಸರಳವಾದ ಟೂ ಸ್ಟ್ರೋಕ್ ಯಂತ್ರವನ್ನು ಅಳವಡಿಸಿ, 175 ಸಿ.ಸಿ.ಯ ಅಗ್ಗದ ಗಾಡಿಯನ್ನು 1932ರಲ್ಲಿ ಹೊರತಂದರು. ಆ ಕಷ್ಟಕಾಲದಲ್ಲೇ ಅದು ಸಾವಿರಗಟ್ಟಲೆ ಮಾರಾಟವಾಯಿತು. ಮುಗ್ಗಟ್ಟಿನ ಹೊಟ್ಟೆಯಲ್ಲಿ ಹುಟ್ಟಿ, ಬಡವನ ಕೈಚೀಲದ ಅಳತೆಗೆ ತನ್ನನ್ನು ತಗ್ಗಿಸಿಕೊಂಡು ಬದುಕಿದ ಹೆಸರು ಜಾವಾ. ಈ ಮಾತನ್ನು ತಾವು ನೆನಪಿನಲ್ಲಿಡಬೇಕು. ಇದಕ್ಕೆ ನಾವು ಮತ್ತೆ ಬರುತ್ತೇವೆ.

ಎರಡನೆಯ ಮಹಾಯುದ್ಧವಾದ ಮೇಲೆ ಸೋತ ದೇಶಗಳಲ್ಲಿ ಇದೇ ಕಥೆ ಮತ್ತೆ ನಡೆಯಿತು. ಇಟಲಿಯಲ್ಲಿ ವಿಮಾನಗಳನ್ನು ಕಟ್ಟುತ್ತಿದ್ದ ಪಿಯಾಜಿಯೊ ಕಂಪೆನಿಯ ಕಾರ್ಖಾನೆ ಬಾಂಬಿನಿಂದ ಹಾಳಾಗಿತ್ತು. ಅದು 1946ರಲ್ಲಿ ವೆಸ್ಪಾ ಸ್ಕೂಟರನ್ನು ತಯಾರಿಸಿತು. ಜಪಾನಿನಲ್ಲಿ ಸೊಯಿಚಿರೋ ಹೋಂಡಾ ಅವರು ಸೈನ್ಯದವರು ಬಿಟ್ಟುಹೋದ ಚಿಕ್ಕ ವಿದ್ಯುಜ್ಜನಕಗಳ ಯಂತ್ರಗಳನ್ನು ಕೊಂಡು ಸಾಮಾನ್ಯ ಬೈಸಿಕಲ್ಲುಗಳಿಗೆ ಜೋಡಿಸಿ ಮಾರಿದರು. ಊಟಕ್ಕೆ ಕಷ್ಟವಿದ್ದ ಜನ ಯಂತ್ರವಾಹನವನ್ನು ಕೊಂಡರೆಂದರೆ ಅದು ಶೋಕಿಗಲ್ಲ; ದೂರದ ಕೆಲಸಕ್ಕೆ ಹೋಗಬೇಕಾಗಿತ್ತು, ದವಸವನ್ನು ತರಬೇಕಾಗಿತ್ತು, ಅದಕ್ಕಾಗಿ.

ಇನ್ನು ನಮ್ಮ ನಾಡಿಗೆ ಬರೋಣ. ಸ್ವಾತಂತ್ರ್ಯವಾದ ಮೇಲೆ ನಮ್ಮ ದೇಶಕ್ಕೆ ವಿದೇಶೀ ವಿನಿಮಯದ ಕೊರತೆ ಒದಗಿತು. ಹೊರಗಿನಿಂದ ಸಿದ್ಧ ಗಾಡಿಗಳನ್ನು ತರಿಸುವುದಕ್ಕೆ ಸರ್ಕಾರ ತಡೆ ಹಾಕಿ, ಇಲ್ಲಿಯೇ ತಯಾರಿಸಬೇಕೆಂದಿತು. ಜಾವಾ ಗಾಡಿಗಳನ್ನು ತರಿಸಿ ಮಾರುತ್ತಿದ್ದ ಪಾರಸೀ ಮನೆತನದ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರು ಜೆಕೊಸ್ಲೊವಾಕಿಯದ ಕಂಪೆನಿಯ ಒಪ್ಪಂದದೊಡನೆ 1960ರಲ್ಲಿ ಐಡಿಯಲ್ ಜಾವಾ ಕಂಪೆನಿಯನ್ನು ಸ್ಥಾಪಿಸಿದರು. ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಎದ್ದಿತು. ಶ್ರೀ ಜಯಚಾಮರಾಜ ಒಡೆಯರ್ ಅವರು ಅದನ್ನು ಉದ್ಘಾಟಿಸಿದರು. 1961ರಿಂದ ಗಾಡಿಗಳು ಹೊರಬಂದುವು. ಮೈಸೂರಿನ ಆಕಾಶವಾಣಿಯ ಕಟ್ಟಡವಿರುವುದೂ ಆ ಯಾದವಗಿರಿ ಬಡಾವಣೆಯಲ್ಲಿಯೇ. ಗಮನಿಸಿರಿ: ಈ ಕಾರ್ಖಾನೆ ಹುಟ್ಟಿದ್ದೂ ಒಂದು ಬಗೆಯ ಕಷ್ಟಕಾಲದಿಂದಲೇ. ವಿನಿಮಯದ ಹಣ ಧಾರಾಳವಾಗಿದ್ದರೆ ಮೈಸೂರಿನಲ್ಲಿ ಮೋಟಾರು ಸೈಕಲ್ಲಿನ ಕಾರ್ಖಾನೆ ಆಗುತ್ತಿತ್ತೋ ಇಲ್ಲವೋ.

1973ರ ಸುಮಾರಿಗೆ ಗಾಡಿಗೆ ಯೆಜ್ಡಿಯೆಂದು ಹೆಸರಾಯಿತು. ಪಾರಸಿಯವರ ಪೂರ್ವಿಕರ ನಾಡಾದ ಇರಾನಿನ ಯಜ್ಡ್ ಪಟ್ಟಣದ ನೆನಪು ಅದರಲ್ಲಿದೆ. 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂದಿತು. 250 ಸಿ.ಸಿ.ಯ ಟೂ ಸ್ಟ್ರೋಕ್ ಯಂತ್ರ. ಒಂದೇ ಸಿಲಿಂಡರಿಗೆ ಎರಡು ಹೊಗೆ ಕೊಳವೆ. ಗಾಡಿಯನ್ನು ಹೊರಡಿಸುವ ಕಿಕ್ಕೂ ಗೇರು ಬದಲಾಯಿಸುವ ಹಿಡಿಯೂ ಒಂದೇ. ನಾಲ್ಕು ಹೊಡೆತದ ಯಂತ್ರದಲ್ಲಿ ಇರುವ ಕವಾಟ ಮೊದಲಾದ ಭಾಗಗಳು ಇದರಲ್ಲಿ ಇಲ್ಲದುದರಿಂದ ಹಳ್ಳಿಯ ಮಿಸ್ತ್ರಿಯೂ ಬಿಚ್ಚಿ ಜೋಡಿಸಬಹುದಾಗಿತ್ತು. ನಮ್ಮ ಕಾಕಾ ಅವರು ಪೆಟ್ರೋಲಿಗೆ ಅಳತೆಯಿಂದ ಎಣ್ಣೆ ಬೆರಸುವುದನ್ನು, ಔಷಧವನ್ನು ಅಳೆಯುವ ವೈದ್ಯರ ಶ್ರದ್ಧೆಯಿಂದ ಮಾಡುತ್ತಿದ್ದರು. ಹಿಂದೆ ನಿಂಬೆಯ ಚೀಲ, ಮುಂದೆ ಟಾಕಿಯ ಮೇಲೆ ನಾವು. ಇಂಡಿಯ ಸಂತೆಗೆ ಹೋಗುವುದೆಂದರೆ ನಮಗೆ ಹಬ್ಬ.

ಆ ಕಾಲದ ಉದ್ಯಮದ ಸ್ಥಿತಿಯನ್ನು ಇಲ್ಲಿ ಹೇಳಬೇಕು. ಎಷ್ಟು ಗಾಡಿ ಮಾಡಬೇಕೆಂಬುದಕ್ಕೂ ಸರ್ಕಾರದ ಪರವಾನಗಿ ಬೇಕಾಗಿತ್ತು. ತಯಾರಿಸುವವರು ಬೆರಳೆಣಿಕೆಯಷ್ಟು ಮಂದಿ: ಮೈಸೂರಿನಲ್ಲಿ ಜಾವಾ, ಮದರಾಸಿನಲ್ಲಿ ಎನ್‌ಫೀಲ್ಡ್ ಬುಲೆಟ್, ಉತ್ತರದಲ್ಲಿ ರಾಜದೂತ್. ಕೊಳ್ಳುವವನು ಕಾಯಬೇಕಾಗಿತ್ತೇ ವಿನಾ ಆರಿಸುವಂತಿರಲಿಲ್ಲ. ಗಿರಾಕಿ ಬಾಗಿಲಲ್ಲಿ ಕಾದು ನಿಂತಿರುವಾಗ ಅವನ ಅಗತ್ಯ ಬದಲಾಯಿಸಿತೇ ಎಂದು ವಿಚಾರಿಸುವವರು ಯಾರು? ಹೀಗೆ ಸುಖದ ದಿನಗಳು ಉದ್ಯಮಕ್ಕೆ ಒಂದು ದುರಭ್ಯಾಸವನ್ನು ಕಲಿಸಿದುವು.

1980ರ ದಶಕದಲ್ಲಿ ಸರ್ಕಾರ ಚಿಕ್ಕ ಗಾಡಿಗಳ ತಯಾರಿಕೆಗೆ ಜಪಾನಿನ ಕಂಪೆನಿಗಳೊಡನೆ ಕೂಡಿಕೊಳ್ಳಲು ಅವಕಾಶ ಕೊಟ್ಟಿತು. 1984ರಲ್ಲಿ ಇಂಡ್ ಸುಜುಕಿ, 1985ರಲ್ಲಿ ಹೀರೋ ಹೋಂಡಾ ಮತ್ತು ಯಮಾಹಾ, 1986ರಲ್ಲಿ ಕಾವಾಸಾಕಿ ಬಜಾಜ್, ಎಲ್ಲವೂ 100 ಸಿ.ಸಿ.ಯ ಗಾಡಿಗಳು, ಒಂದರ ಹಿಂದೊಂದು ಬೀದಿಗಿಳಿದುವು. ಇವುಗಳಲ್ಲಿ ಹೀರೋ ಹೋಂಡಾದ್ದು ನಾಲ್ಕು ಹೊಡೆತದ ಯಂತ್ರ. ಲೀಟರಿಗೆ 80 ಕಿಲೋಮೀಟರು ಓಡುವುದೆಂದು ಅದರ ತಯಾರಕರು ಸಾರಿದರು. ಯೆಜ್ಡಿಗೆ ಬಲವಿತ್ತು, ಬಾಳಿಕೆಯಿತ್ತು. ಆದರೆ ಪೆಟ್ರೋಲಿನ ವಿಷಯದಲ್ಲಿ ಆ ಲೆಕ್ಕದ ಸಮೀಪಕ್ಕೂ ಅದು ಬರುವಂತಿರಲಿಲ್ಲ.

ಹೀಗಿರುವಲ್ಲಿ 1990ರಲ್ಲಿ ಕೊಲ್ಲಿಯಲ್ಲಿ ಯುದ್ಧದ ಕಾರ್ಮೋಡ ಕವಿದು ಎಣ್ಣೆಯ ಬೆಲೆ ಏರಿತು. 1991ರಲ್ಲಿ ನಮ್ಮ ದೇಶದ ವಿದೇಶೀ ವಿನಿಮಯದ ಬೊಕ್ಕಸ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿಯಿತು. ಸುಮಾರು 47 ಟನ್ನು ಬಂಗಾರವನ್ನು ಇಂಗ್ಲೆಂಡಿನ ಮತ್ತು ಜಪಾನಿನ ಬ್ಯಾಂಕುಗಳಲ್ಲಿ ಅಡವಿಟ್ಟದ್ದೂ, ಆ ಜುಲೈಯಲ್ಲಿ ರೂಪಾಯಿಯ ಬೆಲೆಯನ್ನು ಎರಡು ಬಾರಿ ಇಳಿಸಿದ್ದೂ ನಮ್ಮ ಹಿರಿಯರ ನೆನಪಿನಲ್ಲಿರಬೇಕು. ಸಾಲದ ಬಡ್ಡಿ ಏರಿತು. ಸರಕುಗಳ ಬೆಲೆ ಏರಿತು. ದ್ವಿಚಕ್ರ ವಾಹನಗಳ ಮಾರಾಟ ಇಳಿಯಿತು.

ಅಗರಖೇಡದಲ್ಲಿ ಈ ದೊಡ್ಡ ಸಂಗತಿಗಳ ಹೆಸರು ಯಾರಿಗೂ ತಿಳಿದಿರಲಿಲ್ಲ. ಆದರೆ ಅವುಗಳ ಪೆಟ್ಟು ತಿಳಿದಿತ್ತು. ನಮ್ಮ ಕಾಕಾ ಅವರು ಒಂದು ದಿನ ಯೆಜ್ಡಿಯನ್ನು ತೊಳೆದು, ಒರಸಿ, ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಮೇಲೆ ಗೋಣಿತಟ್ಟು ಹೊದಿಸಿದರು. "ಏನ್ ಕಾಕಾ, ಗಾಡಿ ಕೆಟ್ಟೈತೇನು?" ಎಂದು ನಾವು ಕೇಳಿದೆವು. "ಗಾಡಿ ಕೆಟ್ಟಿಲ್ಲಪಾ, ಕಾಲ ಕೆಟ್ಟೈತಿ. ಎತ್ತಿಗೆ ಮೇವು ಹಾಕ್ಲೋ, ಇದಕ್ಕ ಎಣ್ಣಿ ಹಾಕ್ಲೋ?" ಎಂದರು. ಅರ್ಥಶಾಸ್ತ್ರದ ಎಷ್ಟೋ ಗ್ರಂಥಗಳನ್ನು ಮುಂದೆ ನಾವು ತಿರುವಿದೆವು. ಮುಗ್ಗಟ್ಟಿಗೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ನಮಗೆ ಸಿಕ್ಕಲಿಲ್ಲ. ಕೆಲವು ವರ್ಷಗಳ ಮೇಲೆ ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಅವರು ಕೊಂಡದ್ದು 100 ಸಿ.ಸಿ.ಯ ನಾಲ್ಕು ಹೊಡೆತದ ಗಾಡಿಯನ್ನು. ಯೆಜ್ಡಿಯ ಮೇಲಿನ ಪ್ರೀತಿ ಕಡಮೆಯಾಗಿರಲಿಲ್ಲ. ಪ್ರೀತಿಯಿಂದ ಪೆಟ್ರೋಲು ಹುಟ್ಟುವುದಿಲ್ಲವಷ್ಟೆ.

ಯಾದವಗಿರಿಯ ಕಾರ್ಖಾನೆ 1996ರಲ್ಲಿ ನಿಂತಿತು. ಅದಕ್ಕೆ ಒಂದೇ ಕಾರಣವನ್ನು ಹೇಳುವುದು ಸರಿಯಲ್ಲ. ಜಪಾನೀ ಮಾದರಿಗಳ ಪೈಪೋಟಿ ಒಂದು. ಪೆಟ್ರೋಲಿನ ಬೆಲೆ ಒಂದು. ಹೊಗೆಯ ವಿಷಯವಾಗಿ ಸರ್ಕಾರ 1991ರಲ್ಲಿ ವಿಧಿಸಿ 1996ರಲ್ಲಿ ಬಿಗಿಗೊಳಿಸಿದ ನಿಯಮ ಒಂದು. ಆಡಳಿತಕ್ಕೂ ಕೆಲಸಗಾರರಿಗೂ ಬೆಳೆದ ಮನಸ್ತಾಪ ಮತ್ತೊಂದು. ಕಂಪೆನಿ ಸುಮ್ಮನೆ ಕೈಕಟ್ಟಿ ಕುಳಿತಿತ್ತೆಂದೂ ಅಲ್ಲ, 60 ಸಿ.ಸಿ.ಯ ಮತ್ತು 175 ಸಿ.ಸಿ.ಯ ಗಾಡಿಗಳನ್ನೂ ತಯಾರಿಸಿ ನೋಡಿತ್ತು. ಆದರೆ ಅದರ ಬೆನ್ನೆಲುಬು ಕೊನೆಯವರೆಗೂ ಆ 250 ಸಿ.ಸಿ.ಯ ಟೂ ಸ್ಟ್ರೋಕ್ ಯಂತ್ರವೇ ಆಗಿತ್ತು. 1932ರಲ್ಲಿ ಯಾನೆಚೆಕ್ ದೊಡ್ಡ ಗಾಡಿಯಿಂದ ಚಿಕ್ಕದಕ್ಕೆ ಇಳಿದು ಬದುಕಿದರೆಂದು ಹೇಳಿದೆವಲ್ಲ, ಆ ಇಳಿಯುವಿಕೆ 60 ವರ್ಷಗಳ ಮೇಲೆ ಅದೇ ಹೆಸರಿನ ಪರಂಪರೆಯಲ್ಲಿ ಸಕಾಲಕ್ಕೆ ಕೈಗೂಡಲಿಲ್ಲ. ತಂದೆ ಕಲಿತ ಪಾಠವನ್ನು ಮಗ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ, ಉದ್ಯಮದಲ್ಲಿಯೂ ಹಾಗೆಯೇ.

ಕೊಟ್ಟಿಗೆಯಲ್ಲಿ ಗಾಡಿ ನಿಂತದ್ದೂ ಯಾದವಗಿರಿಯಲ್ಲಿ ಯಂತ್ರ ನಿಂತದ್ದೂ ಎರಡು ಸಂಗತಿಗಳಲ್ಲ. ಒಂದೇ ಹಗ್ಗದ ಎರಡು ತುದಿಗಳು. ನಮ್ಮ ಕಾಕಾ ಅವರ ನಿರ್ಧಾರ ಜಾಣತನದ್ದೇ. ಅಂಥ ಸಾವಿರಾರು ಜಾಣ ನಿರ್ಧಾರಗಳು ಸೇರಿ, ಅವರು ಎಂದೂ ಕಾಣದ ಒಬ್ಬ ಫಿಟ್ಟರನ ಒಲೆಯನ್ನು ಆರಿಸಿದುವು. ಇಪ್ಪತ್ತು ಮೂವತ್ತು ವರ್ಷ ಒಂದೇ ಬಗೆಯ ಲೋಹದ ಕೆಲಸದಲ್ಲಿ ಕೈ ಪಳಗಿದವನು ಐವತ್ತರ ವಯಸ್ಸಿನಲ್ಲಿ ಗೇಟಿಗೆ ಬೀಗ ಬಿದ್ದುದನ್ನು ನೋಡಿದರೆ ಎಲ್ಲಿಗೆ ಹೋಗಬೇಕು? ಕಂಪೆನಿಯ ಆಸ್ತಿಯ ವಿಲೇವಾರಿ ನ್ಯಾಯಾಲಯದ ಮೇಲ್ವಿಚಾರಣೆಗೆ ಹೋಯಿತು. ಕಾನೂನಿನ ಕಾಲಗತಿಯೇ ಬೇರೆ, ಹಸಿವಿನ ಕಾಲಗತಿಯೇ ಬೇರೆ. ಗಿರಾಕಿಯನ್ನು ದೂಷಿಸುವಂತಿಲ್ಲ, ಹಾಗೆಂದು ಕೆಲಸಗಾರನನ್ನು ಮರೆಯುವಂತೆಯೂ ಇಲ್ಲ.

ಎಲ್ಲ ಕಂಪೆನಿಗಳೂ ಹೀಗೆಯೇ ಕೊನೆಗೊಂಡವೆಂದು ತಿಳಿಯಬಾರದು. ಮದರಾಸಿನ ಎನ್‌ಫೀಲ್ಡ್ 2000ದ ಸುಮಾರಿಗೆ ತಿಂಗಳಿಗೆ 6,000 ಗಾಡಿ ಮಾಡಬಲ್ಲ ಕಾರ್ಖಾನೆಯಿದ್ದೂ 2,000ದಷ್ಟನ್ನು ಮಾತ್ರ ಮಾರುತ್ತ ಮುಚ್ಚುವ ಅಂಚಿಗೆ ಬಂದಿತ್ತು. ಒಡೆತನ ಹೊಂದಿದ್ದ ಐಷರ್ ಕಂಪೆನಿಯಲ್ಲಿ ಸಿದ್ಧಾರ್ಥ ಲಾಲ್ ಅವರು ಸ್ವಲ್ಪ ಕಾಲಾವಕಾಶವನ್ನು ಬೇಡಿ ಪಡೆದು, ಯಂತ್ರದ ದೋಷಗಳನ್ನು ತಿದ್ದಿ, ಹಳೆಯ ರೂಪವನ್ನು ಉಳಿಸಿ ಅದನ್ನು ಮೇಲಕ್ಕೆತ್ತಿದರು. ಮೈಸೂರಿನಲ್ಲಿಯೂ ಉದ್ಯಮ ಅಳಿಯಲಿಲ್ಲ. ನಂಜನಗೂಡಿನ ದಾರಿಯಲ್ಲಿ ಟಿ.ವಿ.ಎಸ್. ಕಂಪೆನಿಯ ಕಾರ್ಖಾನೆ ಎದ್ದಿತು. ಜಾವಾ ಹೆಸರು 2018ರಲ್ಲಿಯೂ ಯೆಜ್ಡಿ ಹೆಸರು 2022ರಲ್ಲಿಯೂ ಬೇರೊಂದು ಕಂಪೆನಿಯಿಂದ ಮತ್ತೆ ಪೇಟೆಗೆ ಬಂದುವು. ಹೆಸರಿನ ಹಕ್ಕಿನ ವ್ಯಾಜ್ಯ ಕರ್ನಾಟಕದ ಹೈಕೋರ್ಟನ್ನು ಮುಟ್ಟಿತು. ಬಾಗಿಲು ಮುಚ್ಚಿದ ಕಾರ್ಖಾನೆಯ ಹೆಸರಿಗೂ ಅಷ್ಟು ಬೆಲೆಯಿದೆಯೆಂದರೆ, ಆ ಬೆಲೆಯನ್ನು ಕೂಡಿಟ್ಟವರು ಯಾರೆಂದು ಯೋಚಿಸಬೇಕಾಗುತ್ತದೆ.

ಸಮೀಪದ ಒಂದು ದೃಷ್ಟಾಂತವನ್ನು ಹೇಳಿ ಮುಗಿಸುತ್ತೇವೆ. 2018–19ರಲ್ಲಿ ನಮ್ಮ ದೇಶದಲ್ಲಿ ಮಾರಾಟವಾದ ದ್ವಿಚಕ್ರ ವಾಹನಗಳು ಸುಮಾರು 2 ಕೋಟಿ 11 ಲಕ್ಷ. 2021–22ರಲ್ಲಿ ಅದು ಸುಮಾರು 1 ಕೋಟಿ 35 ಲಕ್ಷಕ್ಕೆ ಇಳಿಯಿತು. ನಡುವೆ ಕರೋನಾ ಮಹಾಮಾರಿ ಬಂದದ್ದು ನಿಜ. 2020ರ ಏಪ್ರಿಲಿನಲ್ಲಿ ದೊಡ್ಡ ಕಂಪೆನಿಗಳು ದೇಶದೊಳಗೆ ಒಂದು ಗಾಡಿಯನ್ನೂ ಮಾರಲಿಲ್ಲ. ಆದರೆ ಇಳಿತ ಅದಕ್ಕೂ ಮೊದಲೇ ಪ್ರಾರಂಭವಾಗಿತ್ತು. 2018ರ ಸೆಪ್ಟೆಂಬರಿನಿಂದ ಹೊಸ ಗಾಡಿಗೆ ಐದು ವರ್ಷದ ವಿಮೆಯ ಹಣವನ್ನು ಒಮ್ಮೆಗೇ ಕಟ್ಟಬೇಕಾಯಿತು. 2020ರ ಏಪ್ರಿಲಿನಿಂದ ಹೊಗೆಯ ಹೊಸ ನಿಯಮ ಬಂದು ಗಾಡಿಯ ಬೆಲೆ ಏರಿತು. ಪೆಟ್ರೋಲಿನ ಬೆಲೆಯೂ ಏರಿತು. ಇವು ಒಂದೊಂದೂ ಒಳ್ಳೆಯ ಉದ್ದೇಶದ್ದೇ ಇರಬಹುದು. ಆದರೆ ನಮ್ಮ ಊರಿನ ಒಕ್ಕಲಿಗನು ಗಾಡಿಯ ಬೆಲೆಯನ್ನು ಕೇಳುವುದು ರೂಪಾಯಿಯಲ್ಲಿ, ಲೆಕ್ಕ ಹಾಕುವುದು ಜೋಳದ ಚೀಲದಲ್ಲಿ. ಚೀಲದ ಬೆಲೆ ಏರದೆ ಗಾಡಿಯ ಬೆಲೆ ಮಾತ್ರ ಏರಿದರೆ ಅವನು ಸುಮ್ಮನೆ ಮನೆಗೆ ಹಿಂದಿರುಗುತ್ತಾನೆ. ದೊಡ್ಡ ಕಾರ್ಖಾನೆಗಳ ಭವಿಷ್ಯ ಭೀಮಾತೀರದ ಮೋಡಗಳಲ್ಲಿಯೂ ಬರೆದಿದೆ ಎಂದರೆ ಉತ್ಪ್ರೇಕ್ಷೆಯಾಗದು.

ಹಾಗಾದರೆ ನಮ್ಮ ಮೊದಲಿನ ಮೂರು ಪ್ರಶ್ನೆಗಳಿಗೆ ಉತ್ತರವೇನು? ಕೊಳ್ಳುವವನು ಕಷ್ಟಕಾಲದಲ್ಲಿ ದುಡಿಮೆಗೆ ಬೇಕಾದುದನ್ನು ಮಾತ್ರ ಉಳಿಸಿಕೊಳ್ಳುತ್ತಾನೆ; ಅದು ಅವನ ಧರ್ಮ. ತಯಾರಿಸುವವನು ಸುಖದ ದಿನಗಳಲ್ಲೇ ಕಷ್ಟದ ದಿನದ ಗಾಡಿಯನ್ನು ರೂಪಿಸಿಟ್ಟುಕೊಳ್ಳಬೇಕು. ಗಿರಾಕಿ ಕಾಯುತ್ತಿರುವಾಗ ಅವನ ಮಾತನ್ನು ಕೇಳಬೇಕು, ಹೊರಟುಹೋದ ಮೇಲೆ ಕೂಗಿ ಫಲವಿಲ್ಲ. ದುಡಿಯುವವನ ವಿಷಯದಲ್ಲಿ ಮಾತ್ರ ಪೇಟೆಯ ನಿಯಮ ಸಾಲದು. ಯಂತ್ರ ಹಳೆಯದಾದರೆ ಗುಜರಿಗೆ ಹಾಕಬಹುದು, ಕೈ ಹಳೆಯದಾದರೆ ಹಾಗೆ ಮಾಡಲಾಗದು. ಬಾಗಿಲು ಮುಚ್ಚುವ ದಿನ ಬರುವ ಮೊದಲೇ ಆ ಕೈಗೆ ಹೊಸ ವಿದ್ಯೆಯನ್ನು ಕಲಿಸುವ ಏರ್ಪಾಡು, ಬಂದ ದಿನವೇ ಅವನ ಬಾಕಿಯನ್ನು ಮೊದಲು ತೀರಿಸುವ ಏರ್ಪಾಡು, ಇವೆರಡು ಸಮಾಜದ ಹೊಣೆ. ಇಂದು ಪೆಟ್ರೋಲಿನ ಗಾಡಿಯ ಸ್ಥಾನಕ್ಕೆ ವಿದ್ಯುತ್ತಿನ ಗಾಡಿ ಬರುತ್ತಿದೆ. ಯಾದವಗಿರಿಯ ಪಾಠ ಬರಿಯ ಹಳೆಯ ಕಥೆಯಲ್ಲವೆಂದು ನಾವು ಹೇಳುವುದು ಇದರಿಂದಲೇ.

ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಮತ್ತು ಯೆಜ್ಡಿಯ ಅಭಿಮಾನಿಗಳು ಊರೂರುಗಳಲ್ಲಿ ತಮ್ಮ ಹಳೆಯ ಗಾಡಿಗಳನ್ನು ಹೊರತಂದು ಮೆರವಣಿಗೆ ಮಾಡುವರು. ನೋಡಲು ಚೆಲುವು. ಆದರೆ ನಮಗೆ ಹೆಚ್ಚು ಚೆಲುವಾಗಿ ಕಂಡದ್ದು ಬೇರೊಂದು ನೋಟ. ಹೋದ ಸುಗ್ಗಿಯಲ್ಲಿ ಅಗರಖೇಡಕ್ಕೆ ಹೋಗಿದ್ದಾಗ ಕೊಟ್ಟಿಗೆಯ ಗೋಣಿತಟ್ಟು ಸರಿದಿತ್ತು. ಕಾಕಾ ಅವರ ಮೊಮ್ಮಗನು ಊರಿನ ಮುದುಕ ಮಿಸ್ತ್ರಿಯನ್ನು ಕರೆತಂದು ಗಾಡಿಯ ಕೆಳಗೆ ಕುಳ್ಳಿರಿಸಿದ್ದನು. ಮಿಸ್ತ್ರಿಯು ಕಣ್ಣು ಮಂಜಾಗಿದ್ದರೂ ಬೆರಳಿನಿಂದಲೇ ನಟ್ಟುಗಳನ್ನು ಗುರುತಿಸಿ, ಯಾವುದು ಯಾವ ಅಳತೆಯೆಂದು ಹುಡುಗನಿಗೆ ಹೇಳಿಕೊಡುತ್ತಿದ್ದನು. ಹುಡುಗನು ಪಟ್ಟಾಗಿ ಕುಳಿತು ಕಲಿಯುತ್ತಿದ್ದನು. ಗಾಡಿ ಆ ದಿನ ಹೊರಡಲಿಲ್ಲ. ಆದರೆ ವಿದ್ಯೆ ಒಂದು ಕೈಯಿಂದ ಮತ್ತೊಂದು ಕೈಗೆ ಹೊರಟಿತ್ತು.